ಕುದುರೆ ಶಹಜಾದಿ ಮತ್ತು ದನದ ಡಾಕ್ಟರು

ಗಂಗಾವತಿ, ೧೧ ಮಾರ್ಚ್ ೧೯೩೬, ಬುಧವಾರ

ಸಂಜೆ ನಾಲ್ಕು ಗಂಟೆ. ಮುಂಜಾನೆಯಿಂದ ಡೇರೆಯ ಹಗ್ಗ ಬಿಚ್ಚಿದೆವು. ಪರದೆ ಮಡಿಸಿದೆವು. ಹಾರ್ಮೋನಿಯಂಗೆ ಗವಸು ಹಾಕಿದೆ. ಉಂಡೆ.

ದೊಡ್ಡಬಸಪ್ಪ ಕೆಲಸ ಬಿಟ್ಟ. ಗದಗಿನ ಕಡೆ ಯಾವುದೋ ನಾಟಕ ಕಂಪನಿಯಲ್ಲಿ ರಾಕ್ಷಸನ ಪಾತ್ರ ಸಿಕ್ಕಿತಂತೆ. ನಮ್ಮ ಬಯಸ್ಕೋಪಿನ ಮೂಕ ಚಿತ್ರಗಳಿಗೆ ಅವನೇ ಬಾಯಿ. ಅವನು ಪರದೆಯ ಪಕ್ಕ ನಿಂತು ಕಥೆ ಹೇಳುವುದು, ನಾನು ಕೆಳಗೆ ಕೂತು ಪೆಟ್ಟಿಗೆ ಬಾರಿಸುವುದು, ಆರು ವರ್ಷದಿಂದ ಹೀಗೆಯೇ ನಡೆದಿತ್ತು. ಮಧ್ಯಾಹ್ನ ಮಾಲೀಕರು ಉಮರಸಾಬರು ಬಂದು ನನ್ನ ಎದುರು ಕೂತರು.

“ಕಳಕಪ್ಪ, ಇನ್ನ ಮ್ಯಾಲ ಕಥಿ ನೀನ ಹೇಳಬೇಕಪಾ.”

“ನನಗ ಮಾತು ಬರೂದಿಲ್ರಿ ಸಾಹೇಬ್ರ.”

“ಮತ್ತ ಈಗ ಆಡಿದ್ದೇನು, ಪೆಟ್ಟಿಗಿ ಸ್ವರಾನ?”

ಅವರ ಮನೆಯವರು ಹುಸೇನಬೀ, ಹೆಂಗಸರ ಕಡೆಯ ಬಾಗಿಲಲ್ಲಿ ಚೀಟಿ ಹರಿಯುವವರು, ಅಲ್ಲೇ ಅಕ್ಕಿ ಆರಿಸುತ್ತಿದ್ದರು. “ಐದ ತಿಂಗಳಾತು, ಇವನ ಬಾಯಾಗ ‘ಹೂಂ’ ಬಿಟ್ರ ಎರಡನೇ ಮಾತ ಕೇಳಿಲ್ಲ. ಇವನಿಗಿಂತ ನಮ್ಮ ಪರದೆ ಹೆಚ್ಚ ಮಾತಾಡ್ತೈತಿ” ಎಂದರು.

ಐದು ತಿಂಗಳಲ್ಲ, ಏಳು. ತಿದ್ದಲಿಲ್ಲ.

ತಳಕಲ್ಲಿನಿಂದ ಬತ್ತ ಕೊಳ್ಳಲು ಬಂದವನೊಬ್ಬ ಸಿಕ್ಕಿದ್ದ. ಅವರ ಪಕ್ಕದ ಹಳ್ಳಿಯಲ್ಲಿ ಸಿಡುಬು ಎದ್ದಿದೆಯಂತೆ. ನನ್ನ ಮಗಳು ಶಂಕ್ರವ್ವ ತಳಕಲ್ಲಿನಲ್ಲೇ ಇದ್ದಾಳೆ, ಅಕ್ಕನ ಮನೆಯಲ್ಲಿ. ಅವಳಿಗೆ ಆರು ವರ್ಷವಾಯಿತು, ಇನ್ನೂ ತೋಳಿಗೆ ದೇವಿ, ಸಿಡುಬು ತಡೆಯುವ ಔಷಧ, ಹಾಕಿಸಿಲ್ಲ. ಹಾಕಿಸು ಎಂದು ಅಕ್ಕನಿಗೆ ಎರಡು ಕಾಗದ ಬರೆದಿದ್ದೆ. ಅಕ್ಕನಿಗೆ ಓದು ಬರುವುದಿಲ್ಲ. ಯಾರಿಂದಲೋ ಓದಿಸಿ, “ಇದು ನನ್ನ ತಮ್ಮನ ಅಕ್ಷರ ಅಲ್ಲ” ಎಂದಳಂತೆ.

ನಾಳೆ ಕೊಪ್ಪಳ.

ಕೊಪ್ಪಳ, ೧೨ ಮಾರ್ಚ್, ಗುರುವಾರ

ಮಧ್ಯಾಹ್ನ ಮೂರು ಗಂಟೆ. ಸ್ಟೇಷನ್ನಿನಿಂದ ಹೊಸ ಚಿತ್ರದ ಡಬ್ಬಿಗಳನ್ನು ಬಂಡಿಯಲ್ಲಿ ತಂದೆವು. ‘ಕುದುರೆ ಶಹಜಾದಿ’, ಒಂಬತ್ತು ರೀಲು. ಡಬ್ಬಿಯ ಮೇಲೆ ಒಂದರಿಂದ ಒಂಬತ್ತರವರೆಗೆ ಸರಿಯಾಗಿಯೇ ನಂಬರಿತ್ತು. ತೆರೆದು ಬೆಳಕಿಗೆ ಹಿಡಿದಾಗ ಉಮರಸಾಬರು ನೆಲಕ್ಕೆ ಕೂತುಬಿಟ್ಟರು. ಮೂರು, ಐದು, ಏಳನೆಯ ಡಬ್ಬಿಯೊಳಗೆ ಶಹಜಾದಿಯೂ ಇಲ್ಲ, ಕುದುರೆಯೂ ಇಲ್ಲ. ಯಾವುದೋ ವಿಲಾಯತಿ ಸಾಲೆಯ ಮಕ್ಕಳಿಗೆ ತೋರಿಸುವ ಚಿತ್ರ ಬಂದು ಕೂತಿದೆ.

ಮೂರನೆಯದರಲ್ಲಿ ಉದ್ದ ಗಡ್ಡದ ಮುದುಕನೊಬ್ಬ ಕೊಳವೆ ಹಿಡಿದು ಚಂದ್ರನನ್ನು ನೋಡುತ್ತಾನೆ, ನಿಲುವಂಗಿಯವರು ಬಂದು ಅವನನ್ನು ಹಿಡಿದೊಯ್ಯುತ್ತಾರೆ. ಐದನೆಯದರಲ್ಲಿ ದಪ್ಪ ಮನುಷ್ಯನೊಬ್ಬ ಗುಡುಗು ಮಳೆಯಲ್ಲಿ ಗಾಳಿಪಟ ಹಾರಿಸುತ್ತಾನೆ, ದಾರಕ್ಕೆ ಕೀಲಿಕೈ ಕಟ್ಟಿದ್ದಾನೆ. ಏಳನೆಯದರಲ್ಲಿ ದನ, ಹಾಲು ಹಿಂಡುವ ಹೆಂಗಸು, ಒಬ್ಬ ಡಾಕ್ಟರು. ಅವನು ಚೂರಿಯಿಂದ ಒಬ್ಬ ಹುಡುಗನ ತೋಳು ಗೀರುತ್ತಾನೆ. ಇದರ ನಡುವೆ ಬರುವ ಇಂಗ್ಲೀಷು ಅಕ್ಷರ ನಮಗ್ಯಾರಿಗೂ ಬಾರದು. ನನ್ನದು ನಾಲ್ಕನೆಯ ಇಯತ್ತೆ, ಅದೂ ಕನ್ನಡ.

“ಇದರಾಗ ಕುದುರಿನ ಇಲ್ಲಲ್ಲೋ” ಎಂದರು ಉಮರಸಾಬರು.

“ದನ ಅದಾವಲ್ಲ, ಹೊಂದಿಸ್ಕೋರಿ” ಎಂದರು ಹುಸೇನಬೀ.

ಊರಲ್ಲೆಲ್ಲ ಒಂಬತ್ತು ರೀಲು ಎಂದು ಡಂಗುರ ಹೊಡೆಸಿ ಆಗಿದೆ. ಆರೇ ತೋರಿಸಿದರೆ ಮಂದಿ ಡೇರೆಯ ಗೂಟ ಕೀಳುತ್ತಾರೆ. “ಒಂಬತ್ತೂ ಓಡಸ್ತೀನಿ” ಎಂದರು ಸಾಹೇಬರು. “ಕಥಿ?” ಎಂದೆ. “ಅದು ನಿಂದು.”

ನಾಳೆ ಏಳು ಗಂಟೆಗೆ ಆಟ.

೧೪ ಮಾರ್ಚ್, ಶನಿವಾರ

ಬೆಳಿಗ್ಗೆ ಎಂಟು. ನಿನ್ನೆಯ ಆಟ ಮುಗಿಯಿತು. ಡೇರೆಯ ಗೂಟ ಯಾರೂ ಕೀಳಲಿಲ್ಲ.

ಮೊದಲೆರಡು ರೀಲು ನಾನು ಏನು ಹೇಳಿದೆನೋ ನೆನಪಿಲ್ಲ. “ಗಟ್ಟಿ ಹೇಳೋ, ಸತ್ತವರ ಮನಿಯಾಗ ಮಾತಾಡಿದಂಗ ಮಾತಾಡ್ತೀಯಲ್ಲೋ” ಎಂದು ಯಾರೋ ಕೂಗಿದರು. ಮೂರನೆಯದು ಬಂತು. ಗಡ್ಡದ ಮುದುಕ. ಏನಾದರೂ ಅನ್ನಲೇಬೇಕಿತ್ತು. “ಇವ್ರು ಶಹಜಾದಿ ತಂದಿ, ಚಂದ್ರನ್ನ ನೋಡಾಕತ್ಯಾರ” ಎಂದೆ. ನಿಲುವಂಗಿಯವರು ಬಂದು ಹಿಡಿದರು. “ಚಂದ್ರನ್ನ ನೋಡಿದ್ದಕ್ಕ ಇವ್ರನ್ನ ಜೇಲಿಗೆ ಹಾಕಿದ್ರು” ಎಂದೆ.

ಒಬ್ಬ ಎದ್ದು ನಿಂತ. “ಚಂದ್ರನ್ನ ನೋಡಿದ್ರ ಜೇಲೇನು? ಯಾವ ಸೀಮಿ ಕಾಯ್ದೆ ಇದು?”

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕ, “ಚೌತಿ ಚಂದ್ರನ್ನ ನೋಡಿರ್ತಾನ, ಕುಂದರೋ!” ಎಂದ. ಓಹೋ ಹೌದಲ್ಲ ಎಂದು ಎಲ್ಲರೂ ಒಪ್ಪಿದರು. ಚೌತಿ ಚಂದ್ರನನ್ನು ನೋಡಿದವನ ಮೇಲೆ ಸುಳ್ಳು ಅಪವಾದ ಬರುವುದು ಯಾರಿಗೆ ಗೊತ್ತಿಲ್ಲ? ನಾನೂ ಒಪ್ಪಿದೆ. ಹೆಂಗಸರ ಕಡೆಯಿಂದ ಲೊಚಗುಟ್ಟುವುದು ಕೇಳಿಸಿತು.

ಅಲ್ಲಿಂದ ಕಥೆ ತಾನೇ ನಡೆಯಿತು. ನಾಲ್ಕನೆಯದರಲ್ಲಿ ಶಹಜಾದಿ ಕುದುರೆ ಏರಿದಳು. ತಂದೆಯನ್ನು ಬಿಡಿಸಲಿಕ್ಕೆ ಎಂದೆ. ಐದನೆಯದರಲ್ಲಿ ದಪ್ಪ ಮನುಷ್ಯ. “ಇವ್ರು ಸೋದರಮಾವ. ಜೇಲಿನ ಕೀಲಿಕೈ ಕದ್ದು ಗಾಳಿಪಟಕ್ಕ ಕಟ್ಟಿ ಕಿಟಕಿಗೆ ಕಳಸಾಕತ್ಯಾರ.” ಚಪ್ಪಾಳೆಯೋ ಚಪ್ಪಾಳೆ. ಸಿಡಿಲು ಹೊಡೆದಾಗ, “ಮಳಿಯಾಗ ಹೊಂಟಾನಲ್ಲ, ಮನ್ಯಾಗ ಹೇಂತಿ ಇಲ್ಲೇನ ಇವಗ?” ಎಂದು ಒಬ್ಬಾಕೆ ಕೇಳಿದಳು. ಆರನೆಯದರಲ್ಲಿ ಗಡ್ಡದವನೊಬ್ಬ ಕುದುರೆಯ ಮೇಲೆ ಪಾರಾದ. ಅವನು ಬೇರೆ ಗಡ್ಡದವನು, ಆದರೂ ಗಡ್ಡವಂತೂ ಇತ್ತು. ಅದೇ ರೀಲಿನ ಕೊನೆಗೆ ಶಹಜಾದಿಯ ತೋಳಿಗೆ ಕತ್ತಿಯ ಏಟು ಬಿದ್ದು ಆಕೆ ಮೂರ್ಛೆ ಹೋದಳು. ಏಳನೆಯದರಲ್ಲಿ ಹಾಲು ಹಿಂಡುವ ಹೆಂಗಸು. ಶಹಜಾದಿಯೇ ವೇಷ ಮರೆಸಿ ಗೌಳಿಗರ ಮನೆ ಸೇರಿದ್ದಾಳೆ ಎಂದೆ. ಡಾಕ್ಟರು ಆಕೆಯ ಕೈ ನೋಡಿದ. ಆಮೇಲೆ ಯಾವುದೋ ತೋಳನ್ನು ಹತ್ತಿರದಿಂದ ತೋರಿಸಿ ಗೀರಿದರು. ಅದೂ ಶಹಜಾದಿಯದೇ ಎಂದೆ. ಎಂಟು, ಒಂಬತ್ತರಲ್ಲಿ ಆಕೆ ಹನ್ನೆರಡು ಮಂದಿಯನ್ನು ಹೊಡೆದುಹಾಕಿದಳು.

ಏಳನೆಯ ರೀಲನ್ನು ಸಾಹೇಬರು ಗಡಿಬಿಡಿಯಲ್ಲಿ ತಿರುವಿ ಹಾಕಿದ್ದರು, ಅಕ್ಷರ ಎಲ್ಲ ಕನ್ನಡಿಯೊಳಗಿನಂತೆ ಉಲ್ಟಾ ಬಂದವು. ಹೇಳಿದರೆ, “ಬಲಗಡೆಯಿಂದ ಓದ್ಲಿ ಬಿಡು, ಉರ್ದು ಓದೂದಿಲ್ಲೇನ ಮಂದಿ?” ಎಂದು ಹಾಗೆಯೇ ಬಿಟ್ಟರು.

ನಾಳೆ ಬಂಡಿ ತಳಕಲ್ಲಿಗೆ.

ತಳಕಲ್, ೧೫ ಮಾರ್ಚ್, ಭಾನುವಾರ

ರಾತ್ರಿ ಊಟದ ಹೊತ್ತು. ಸಂಜೆಗೆ ಮುಟ್ಟಿದೆವು. ಶಂಕ್ರವ್ವ ಊರ ಅಗಸೆ ಬಾಗಿಲ ತನಕ ಓಡಿ ಬಂದಿದ್ದಳು. ಒಂದು ಹಲ್ಲು ಬಿದ್ದಿದೆ. ಅದನ್ನು ಮಾಳಿಗೆಯ ಮೇಲೆ ಒಗೆದದ್ದನ್ನೇ ಮೂರು ಸಲ ಹೇಳಿದಳು.

ಅಕ್ಕನೊಡನೆ ಮಾತಾಡಿದೆ. ಇಷ್ಟೇ ಆಡಿದ್ದು.

“ಅಕ್ಕಾ, ಕೂಸಿಗೆ ದೇವಿ ಹಾಕಸೂಣು.”

“ಬ್ಯಾಡ ತಮ್ಮಾ. ಅಮ್ಮ ಒಮ್ಮೆ ನಮ್ಮ ಮನಿಗೆ ಬಂದು ಒಬ್ಬಾಕಿನ್ನ ಕರಕೊಂಡು ಹೋಗ್ಯಾಳ. ತೋಳ ಕೊಯ್ದು ಮತ್ತ ಆಕಿನ್ನ ಕರೀತಿ ಏನು? ರೊಟ್ಟಿ ತಿನ್ನು.”

ರೊಟ್ಟಿ ತಿಂದೆ. ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ಅವಳೆದುರು ನನಗೆ ಎರಡನೆಯ ಮಾತು ಬರುವುದಿಲ್ಲ.

ದೇವಿ ಹಾಕುವ ಗವಿಸಿದ್ದಪ್ಪ ಯಲಬುರ್ಗಿಯಿಂದ ಬಂದು ಚಾವಡಿಯಲ್ಲಿ ಇಳಿದಿದ್ದಾನೆ. ಮೂರು ದಿನಕ್ಕೆ ಮೂರು ತೋಳು ಸಿಕ್ಕಿವೆ, ಮೂರೂ ಚಾವಡಿಯ ಆಳುಗಳವು. ಅವನು ಓಣಿ ಹೊಕ್ಕರೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಹಿತ್ತಲ ಗೋಡೆ ಹಾರುತ್ತಾರೆ, ಬಣವೆಯಲ್ಲಿ ಅಡಗಿಸುತ್ತಾರೆ. ಬಣವೆಯಲ್ಲಿ ಅಡಗಿಸುವುದು ನನಗೂ ಗೊತ್ತು.

ನಾಳೆ ಇಲ್ಲಿ ಮೊದಲ ಆಟ. ಅಕ್ಕ ಬರುವುದಿಲ್ಲವಂತೆ. “ಬಟ್ಟಿ ಮ್ಯಾಲ ಕುಣಿಯೋ ಮಂದಿನ್ನ ನಾನೇನು ನೋಡ್ಲಿ” ಎಂದಳು.

೧೭ ಮಾರ್ಚ್, ಮಂಗಳವಾರ

ಬೆಳಿಗ್ಗೆ ಒಂಬತ್ತು. ನಿನ್ನೆಯ ಆಟಕ್ಕೆ ಡೇರೆ ತುಂಬಿತ್ತು. ಕುಷ್ಟಗಿ ಕಡೆಯಿಂದಲೂ ಎರಡು ಬಂಡಿ ಬಂದಿದ್ದವು. ಸೋದರಮಾವನಿಗೆ ನಾನು ಈಗ ಒಬ್ಬ ಹೆಂಡತಿಯನ್ನೂ ಕೊಟ್ಟಿದ್ದೇನೆ, ಆಕೆ ಪರದೆಯ ಆಚೆ ನಿಂತು ಮಳೆಯಲ್ಲಿ ಹೋಗಬೇಡ ಎಂದು ಬೈಯುತ್ತಾಳೆ. ಆಕೆಯ ದನಿ ನಾನೇ ಮಾಡುತ್ತೇನೆ. ಮಂದಿಗೆ ಅದೇ ಹೆಚ್ಚು ಸೇರಿದೆ.

ಆಟ ಬಿಟ್ಟ ಮೇಲೆ ಗವಿಸಿದ್ದಪ್ಪ ಡೇರೆಯ ಹಿಂದೆ ಬಂದ. ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದ.

“ಏ ಮಾರಾಯಾ, ಅಕಿ ಶಹಜಾದಿ ಅಲ್ಲೋ! ಅಕಿ ಖರೇನ ಹಾಲ ಹಿಂಡಾಕಿ. ಅವ ನಮ್ಮ ಕಸುಬಿನ ಮೂಲಪುರುಷ. ನಮಗ ಕಲಸೂ ಮುಂದ ಅವನ ಕಥಿ ಹೇಳ್ಯಾರ.”

ಅವನು ಹೇಳಿದ್ದನ್ನು ಬರೆದಿಡುತ್ತೇನೆ. ನೂರ ನಲವತ್ತು ವರ್ಷದ ಹಿಂದೆ ವಿಲಾಯತಿಯ ಹಳ್ಳಿಯಲ್ಲಿ, ಹಾಲು ಹಿಂಡುವವರ ಕೈಗೆ ಆಕಳ ಕೆಚ್ಚಲಿನಿಂದ ಗುಳ್ಳೆ ಏಳುತ್ತಿದ್ದವು. ಅಂಥವರಿಗೆ ದೊಡ್ಡ ಸಿಡುಬು ತಗಲುತ್ತಿರಲಿಲ್ಲ. ಆ ಡಾಕ್ಟರು ಒಬ್ಬಾಕೆಯ ಕೈಗುಳ್ಳೆಯ ನೀರು ತೆಗೆದು ತನ್ನ ಮಾಲಿಯ ಮಗನ ತೋಳು ಗೀರಿ ಹಾಕಿದನಂತೆ. ಆ ಹುಡುಗ ಬದುಕಿದ. ಆಮೇಲೆ ಸಿಡುಬು ಅವನನ್ನು ಮುಟ್ಟಲಿಲ್ಲ. “ಕಲತವ್ರೆಲ್ಲ ಆ ಡಾಕ್ಟರಿಗೆ ನಕ್ಕರಂತ. ದೇವಿ ಹಾಕಿಸ್ಕೊಂಡ್ರ ಮನಶ್ಯಾಗ ಕೋಡು ಮೂಡ್ತಾವು ಅಂದ್ರಂತ” ಎಂದ.

“ಇಲ್ಲೂ ಹಂಗ ಅಂತಾರ” ಎಂದೆ.

“ಇಲ್ಲಿ ಕೋಡಿನ ಮಾತ ಬಿಡು, ನನ್ನ ಮ್ಯಾಲ ನಾಯಿ ಬಿಡ್ತಾರ.”

ನನ್ನ ಹೆಂಡತಿ ಶೇಖರಮ್ಮ ಎಮ್ಮೆ ಹಿಂಡುತ್ತಿದ್ದಳು. ಎಮ್ಮೆಗೆ ಆ ಗುಣ ಉಂಟೋ ಇಲ್ಲವೋ ಗವಿಸಿದ್ದಪ್ಪನನ್ನು ಕೇಳಲಿಲ್ಲ.

ರಾತ್ರಿ, ಆಟ ಮುಗಿದ ಮೇಲೆ.

ಸರಿಯಾದ ಮೂರು ಡಬ್ಬಿ ಇಂದಿನ ರೈಲಿಗೆ ಬಂದವು. ಜೊತೆಗೆ ಕಾಗದ, ತಪ್ಪಿ ಬಂದದ್ದನ್ನು ಗುರುವಾರ ಮಧ್ಯಾಹ್ನದ ಗಾಡಿಗೆ ತಿರುಗಿ ಹಾಕಬೇಕಂತೆ. ಇಂದಿನ ಆಟಕ್ಕೆ ಸಾಹೇಬರು ಸರಿಯಾದ ಮೂರನೆಯ ರೀಲು ಹಚ್ಚಿದರು. ಅದರಲ್ಲಿ ಶಹಜಾದಿ ಉದ್ಯಾನದಲ್ಲಿ ಹೂ ಕೊಯ್ಯುತ್ತಾಳೆ. “ಚೌತಿ ಚಂದ್ರ ಎಲ್ಲಿ? ಮುದುಕನ್ನ ಎಲ್ಲಿ ಮುಚ್ಚಿಟ್ರಿ? ಸೋದರಮಾವನ ಹೇಂತಿನ್ನ ಕರೀರಿ!” ಎಂದು ಮಂದಿ ಎದ್ದರು. ಅರ್ಧಕ್ಕೆ ನಿಲ್ಲಿಸಿ ಹಳೆಯದನ್ನೇ ಹಾಕಬೇಕಾಯಿತು. ಪಕ್ಕದ ಹಳ್ಳಿಯಲ್ಲಿ ಇಂದು ಎರಡು ಕೂಸು ಹೋದವು. ಅಕ್ಕನಿಗೆ ಹೇಳಿದೆ. ಅಕ್ಕ ಬೇವಿನ ಟೊಂಗೆ ತಂದು ಬಾಗಿಲಿಗೆ ಸಿಗಿಸಿದಳು.

ನಾಳೆ ದನದ ಡಾಕ್ಟರ ಕೊನೆಯ ಆಟ.

೧೯ ಮಾರ್ಚ್, ಗುರುವಾರ

ಬೆಳಿಗ್ಗೆ ಏಳು. ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ.

ಅಕ್ಕ ಬಂದಿದ್ದಳು. ಕರೆತಂದವರು ಹುಸೇನಬೀ. ಮಜ್ಜಿಗೆ ಕೇಳುವ ನೆವದಲ್ಲಿ ಮನೆಗೆ ಹೋಗಿ, “ಶಹಜಾದಿ ಮೈಮ್ಯಾಲಿನ ಡಾಗೀನ ನೋಡಿಲ್ಲಂದ್ರ ನೀವೇನು ನೋಡಿದ್ರಿ ಭೀಮಕ್ಕಾ” ಎಂದರಂತೆ. ಅಕ್ಕ ಶಂಕ್ರವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಂಗಸರ ಕಡೆ ಮುಂದೆಯೇ ಕೂತಿದ್ದಳು. ಕೂತ ಮೇಲೆ ಸುಮ್ಮನಿರಲಿಲ್ಲ. ಮುದುಕನಿಗೆ ಗಡ್ಡ ತೆಗೆಸು ಎಂದಳು. ಕುದುರೆಗೆ ಮೇವು ಹಾಕಿಲ್ಲ, ಪಕ್ಕೆಲುಬು ಕಾಣುತ್ತವೆ ಎಂದಳು. ಸೋದರಮಾವನ ಹೆಂಡತಿಯ ದನಿ ಮಾಡಿದಾಗ, “ಅಯ್ಯ, ಥೇಟ ನನ್ನಂಗ ಒದರ್ತಾಳ” ಎಂದಳು. ನಾನು ಯಾರ ದನಿ ಮಾಡುತ್ತಿದ್ದೆನೆಂದು ನನಗೂ ಆಗಲೇ ತಿಳಿದದ್ದು.

ಏಳನೆಯ ರೀಲು ಬಂತು. ಗವಿಸಿದ್ದಪ್ಪ ಹೇಳಿದ್ದನ್ನೆಲ್ಲ ಶಹಜಾದಿಗೆ ಕೂಡಿಸಿ ಹೇಳಿದೆ. ಆಕಳ ಗುಳ್ಳೆ ಕೈಗೆ ಎದ್ದದ್ದರಿಂದ ಶಹಜಾದಿಗೆ ಸಿಡುಬು ಮುಟ್ಟಲಿಲ್ಲ ಎಂದೆ. ಈಗ ಡಾಕ್ಟರು ಮಾಲಿಯ ಕೂಸಿಗೆ ಅದನ್ನೇ ಹಾಕುತ್ತಾನೆ, ನೋಡಿರಿ, ಮೊದಲು ಶಹಜಾದಿ ತನ್ನ ತೋಳು ಕೊಟ್ಟು ತೋರಿಸಿದ್ದಾಳೆ ಎಂದೆ. ಚೂರಿ ತೋಳಿನ ಹತ್ತಿರ ಬಂತು.

“ಏ, ಆ ಕೂಸಿನ ಅಪ್ಪ ಎಲ್ಲಿ ಸತ್ತಾನ?” ಅಕ್ಕನ ದನಿ. “ಮಂದಿ ಬಂದು ಕೂಸಿನ ಕೈ ಕೊಯ್ಯೂ ಮುಂದ ಹಡದಾವ ಏನ ಮಾಡ್ತಾನ?”

“ಇಲ್ಲೇ ಅದಾನವ್ವಾ” ಎಂದೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಚಿತ್ರದಲ್ಲಿ ಆ ಅಪ್ಪ ಇಲ್ಲವೇ ಇಲ್ಲ.

“ಆ ಮಾಲಿ ಇಲ್ಲೇ ಅದಾನ. ಹ್ವಾದ ವರ್ಷ ಇದ ಡಾಕ್ಟರು ಬಾಗಲಿಗೆ ಬಂದಿದ್ರು. ಇವ ಹೇಂತಿನ್ನ, ಮಗಳನ್ನ ಬಣವಿಯೊಳಗ ಮುಚ್ಚಿಟ್ಟು, ತವರಿಗೆ ಹೋಗ್ಯಾರಂತ ಸುಳ್ಳ ಹೇಳಿದ. ಡಾಕ್ಟರು ಹ್ವಾದ ಮ್ಯಾಲ ಹೇಂತಿ ತಲಿಯಾಗ ತುಂಬಿದ ಕಣಿಕಿ ಕಡ್ಡಿ ತಗೀಕೋಂತ ಇಬ್ರೂ ಭಾಳ ನಕ್ರು. ಡಾಕ್ಟರಿಗೆ ಛಲೋ ಮೋಸ ಮಾಡಿದ್ವಿ ಅಂದ್ರು. ಶ್ರಾವಣದಾಗ ಹೇಂತಿಗೆ ಸಿಡುಬು ಬಂತು. ಒಂಬತ್ತು ದಿನ ಇದ್ಲು.”

ಸಾಹೇಬರು ಯಂತ್ರದ ಹಿಡಿ ತಿರುವುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದರು. ನಿಂತ ರೀಲು ದೀಪದ ಕಾವಿಗೆ ಸುಡದೆ ಬಿಡುವುದಿಲ್ಲ. ಡಾಕ್ಟರ ಮುಖದ ನಡುವೆ ಕಂದು ತೂತು ಬಿದ್ದು ಅಗಲವಾಯಿತು, ಹೊಗೆ ಎದ್ದಿತು. “ಯಾ ಅಲ್ಲಾ!” ಎಂದು ಸಾಹೇಬರು ಬೋಗುಣಿ ನೀರು ಎರಚಿದರು. ಆಮೇಲೆ ಪರದೆಯ ಮೇಲೆ ಏನೂ ಇಲ್ಲ, ಬರೀ ಬಿಳಿ ಬಟ್ಟೆ.

ಯಾರೂ ಏಳಲಿಲ್ಲ. ಕೊಪ್ಪಳದ ಚೌತಿ ಚಂದ್ರನ ಮುದುಕನಂಥವನು ಇಲ್ಲಿಯೂ ಒಬ್ಬನಿದ್ದಾನೆ. “ಮುಂದ? ಆ ಮಾಲಿ ಏನ ಮಾಡಿದ?” ಎಂದ.

“ಈ ಸಲ ಬಾಗಲದಾಗ ನಿಂತಾನ. ಮಗಳ ಕೈ ಹಿಡಕೊಂಡು ನಿಂತಾನ.”

“ಮತ್ತ ಅವನ ಅಕ್ಕ ಏನಂದ್ಲು?” ಇದು ಹುಸೇನಬೀ. ಬೇಕೆಂದೇ ಕೇಳಿದರು.

“ಆಕಿ ಇನ್ನೂ ಏನೂ ಅಂದಿಲ್ರಿ” ಎಂದೆ.

ಇಡೀ ಡೇರೆ ನಕ್ಕಿತು. ನಾನೂ ನಕ್ಕೆನಂತೆ, ಹುಸೇನಬೀ ಹೇಳಿದರು. ನನಗೆ ಗೊತ್ತಾಗಲಿಲ್ಲ. ಅಕ್ಕ ಮಾತ್ರ ಸೆರಗು ಹೊದ್ದು ಶಂಕ್ರವ್ವನನ್ನು ಎತ್ತಿಕೊಂಡು ಎದ್ದುಹೋದಳು. ಮನೆಗೆ ಹೋದಾಗ ತಾಟಿನಲ್ಲಿ ರೊಟ್ಟಿ ಮುಚ್ಚಿಟ್ಟಿತ್ತು, ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಅದೇ ದಿನ, ಸಂಜೆ ಐದು

ಡಬ್ಬಿಗಳನ್ನು ಮಧ್ಯಾಹ್ನದ ಗಾಡಿಗೆ ಹಾಕಿ ಬಂದೆ. ಸುಟ್ಟ ತುಂಡು ಕತ್ತರಿಸಿ ಅಂಟಿಸಿದ್ದೇವೆ. ವಿಲಾಯತಿ ಡಾಕ್ಟರು ಈಗ ಚೂರಿ ಎತ್ತುತ್ತಾನೆ, ಮರುಕ್ಷಣ ಹುಡುಗ ಅಂಗಿ ತೊಟ್ಟು ಆಡುತ್ತಿರುತ್ತಾನೆ. ಸಾಹೇಬರ ಪ್ರಕಾರ ಹೀಗೆಯೇ ಚೆನ್ನಾಗಿದೆ, ನೋವಿಲ್ಲ.

ತಿರುಗಿ ಬರುವಾಗ ಚಾವಡಿಯ ಮುಂದೆ ಜಗಳ. ಗವಿಸಿದ್ದಪ್ಪನ ಸುತ್ತ ಮೂವತ್ತು ನಲವತ್ತು ಮಂದಿ, ಕಂಕುಳಲ್ಲಿ ಕೂಸುಗಳು. ನಡುವೆ ಅಕ್ಕ, ಸೊಂಟದ ಮೇಲೆ ಕೈ.

“ಎಡಗೈ ಯಾಕ ಅಂತೀನಿ? ಛಲೋ ಕೆಲಸಕ್ಕ ಎಡಗೈ ಚಾಚ್ತಾರೇನು?”

“ಎಡತೋಳಿಗೆ ಹಾಕ್ಬೇಕಂತ ಸರಕಾರದ ಹುಕುಂ ಐತಿ ಭೀಮಕ್ಕಾ.”

“ಶಹಜಾದಿ ಬಲತೋಳಿಗೆ ಹಾಕಿಸ್ಕೊಂಡಾಳ. ಈ ಕಣ್ಣಿಂದ ನೋಡೇನಿ. ಹೌದಿಲ್ರವ್ವಾ?”

ಹೌದು ಹೌದು ಎಂದು ಹೆಂಗಸರೆಲ್ಲ ಕೂಗಿದರು. ರೀಲು ತಿರುವಿ ಹಾಕಿದ್ದಕ್ಕೆ ಎಡದ್ದು ಬಲವಾಗಿ ಕಂಡಿದೆ ಎಂದು ಗವಿಸಿದ್ದಪ್ಪ ಪರಿಪರಿಯಾಗಿ ಹೇಳಿದ. “ಮೂರ ದಿನ ಊರ ಮಂದಿಯೆಲ್ಲ ನೋಡಿದ್ದು ಸುಳ್ಳು, ನೀ ಒಬ್ಬಾವ ಖರೆ” ಎಂದಳು ಅಕ್ಕ. ಅವನು ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ಅಕ್ಕನೂ ನೋಡಿದಳು, ನಿನ್ನೆಯಿಂದ ಮೊದಲ ಸಲ.

“ಬಲತೋಳ ಐತ್ರಿ” ಎಂದೆ. ನನಗೆ ಅಷ್ಟು ಗಟ್ಟಿ ದನಿ ಇದೆಯೆಂದು ಚಾವಡಿಯವರಿಗೆ ಗೊತ್ತಿರಲಿಲ್ಲ.

ಗವಿಸಿದ್ದಪ್ಪ ಕೈ ಮುಗಿದ. “ಆತವ್ವಾ, ಬಲದ್ದ ಕೊಡ್ರಿ. ಕಾಗದದಾಗ ‘ತೋಳು’ ಅಂತಷ್ಟ ಬರಕೋತೀನಿ” ಎಂದ. ಅವನಲ್ಲಿದ್ದ ಔಷಧ ಹದಿನೇಳು ಕೂಸುಗಳಿಗೆ ಮುಗಿದುಹೋಯಿತು, ಶಂಕ್ರವ್ವನ ಸರದಿ ಬರಲಿಲ್ಲ. ಉಳಿದವರು ಬೈಯುತ್ತ ಮನೆಗೆ ಹೋದರು. ದೇವಿ ಹಾಕುವವನನ್ನು ಔಷಧ ಸಾಲಲಿಲ್ಲವೆಂದು ಬೈದದ್ದು ಈ ಸೀಮೆಯಲ್ಲಿ ಇದೇ ಮೊದಲಿರಬೇಕು.

ಮನೆಗೆ ನಡೆಯುತ್ತ ಅಕ್ಕ, “ಬಣವಿಯಾಗ ಮುಚ್ಚಿಡು ಅಂದಾಕಿ ನಾನ, ನೀ ಅಲ್ಲ. ಮಂದಿ ಮುಂದ ಅದನ್ನ ಯಾಕ ಬಿಟ್ಟಿ?” ಎಂದಳು.

“ಆ ಮಾಲಿಗೆ ಅಕ್ಕ ಅದಾಳಂತ ಆಗ ಯಾರಿಗೆ ಗೊತ್ತಿತ್ತು?” ಎಂದೆ.

ಅಕ್ಕ ನನ್ನ ಬೆನ್ನಿಗೆ ಒಂದು ಹೊಡೆದಳು, ಸಣ್ಣವನಿದ್ದಾಗ ಹೊಡೆಯುತ್ತಿದ್ದಂತೆ. ಶಂಕ್ರವ್ವ ಮುಂದೆ ಓಡುತ್ತಿದ್ದಳು. ಓಡುವಾಗ ಎಡಗಾಲು ಹೊರಗೆ ಒಗೆಯುತ್ತಾಳೆ, ಥೇಟ್ ಅವಳವ್ವ ಶೇಖರಮ್ಮನ ಹಾಗೆ. ಶೇಖರಮ್ಮನಿಗೆ ಓಡಲು ಬರುತ್ತಿರಲಿಲ್ಲ, ಆದರೂ ಎಮ್ಮೆಯ ಹಿಂದೆ ದಿನಾ ಓಡುತ್ತಿದ್ದಳು. ಅಕ್ಕನಿಗೆ ಅದನ್ನು ಹೇಳಿದೆ. ಅಕ್ಕ ತನಗೆ ಗೊತ್ತಿದ್ದ ಇನ್ನೆರಡು ಹೇಳಿದಳು. ಮನೆ ಬಂದದ್ದು ತಿಳಿಯಲಿಲ್ಲ.

ಹೊಸ ಔಷಧ ಮುಂಜಾನೆಯ ಗಾಡಿಗೆ ಬರುತ್ತದೆ. ನಾಳೆ ಹತ್ತು ಗಂಟೆಗೆ ಚಾವಡಿಯಲ್ಲಿ ಮೊದಲು ಅಕ್ಕ, ಆಮೇಲೆ ಶಂಕ್ರವ್ವ, ಆಮೇಲೆ ನಾನು.